ಹಸು ಕೇಳಿದ ಅಪ್ಪಂದಿರು

ನವೆಂಬರ್ 14, ಶುಕ್ರವಾರ, ಖೈತಾನ್, ಕುವೈತ್

ಕೇಳಿರಯ್ಯಾ ಮಹಾಸಭಿಕರೇ! ನನ್ನ ಒಬ್ಬಳೇ ಮಗಳು ರಿಯೋನಾ ಉಗಾಂಡದ ಕಾನ್ವೆಂಟಿಗೆ ಸೇರುತ್ತಾಳಂತೆ.

"ಸಿಸ್ಟರ್ ಆಗ್ಲಿಕ್ಕೆ ಮಂಗಳೂರಲ್ಲಿ ಕಾನ್ವೆಂಟ್ ಇಲ್ವಾ?" ಎಂದು ಗುಡುಗಿದೆ.

"ಡ್ರಾಮಾ ಬೇಡ ಪಪ್ಪಾ, ಲಿಸನ್."

ಅವಳು ಹೇಳಿದ್ದಿಷ್ಟು: ಆ ಕಾನ್ವೆಂಟಿನ ಸಿಸ್ಟರ್‌ಗಳ ಸಂಘ ಕಟ್ಟಿದವರು ಅಲ್ಲಿಯದೇ ನಾಲ್ಕು ಹಳ್ಳಿ ಹುಡುಗಿಯರು. ಮದುವೆಯಾಗಿದ್ದರೆ ಗಂಡಿನವರು ಹಸುಗಳನ್ನು ಕೊಡುತ್ತಿದ್ದರು. ಅದು ತಪ್ಪಿತೆಂದು ಅಪ್ಪಂದಿರು ಕಾನ್ವೆಂಟಿನ ಬಾಗಿಲಲ್ಲಿ ಕೂಗಾಡಿದರಂತೆ. ಹುಡುಗಿಯರು ಹೊರಬಂದು ಊಟ ಬಡಿಸಿ, ಮತ್ತೆ ಒಳಗೆ ಹೋದರಂತೆ. ಇವತ್ತು ಆ ಸಿಸ್ಟರ್‌ಗಳ ಶಾಲೆ, ಆಸ್ಪತ್ರೆಗಳು ಗಡಿ ದಾಟಿ ಬೆಳೆದಿವೆ.

"ನಿಮಗೆಷ್ಟು ಹಸು ಬೇಕು ಪಪ್ಪಾ?"

ನಾನು ಕಾದಿದ್ದು ಹಸುವಿಗಲ್ಲ, ಅವಳ ರೋಸ್‌ಗೆ, ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲೆರೆಯುವ ಸಂಜೆಗೆ. ಹೆಂಡತಿ ರೆಜಿನಾ ಬೈದರೆ ಬೈಯಲಿ, ನಾಳೆ ಬೆಳಿಗ್ಗೆ ಫರ್ವಾನಿಯಾ ಮಾರ್ಕೆಟ್ಟಿನಿಂದ ತೆಂಗಿನಕಾಯಿ ತಂದು ಹಾಲು ಹಿಂಡುತ್ತೇನೆ. ಮದುಮಗನಿಲ್ಲದಿದ್ದರೂ ಮಗಳ ತಲೆಗೆ ಮೊದಲು ಎರೆಯುವವನು ನಾನೇ.