ಸತ್ತ ಬಟನ್ನಿಗೆ ಹಸಿರು ಬಣ್ಣ

ಅಲ್ ಮನ್ಸೂರಾ, ದೋಹಾ
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಹೊನ್ನವ್ವಕ್ಕನಿಗೆ ತಮ್ಮ ಬಸವಲಿಂಗನ ಶರಣು.

ಮೊಣಕಾಲು ಹೇಗಿದೆ? ಹೊಲಿಗೆ ಮಷೀನಿಗೆ ಮೋಟರ್ ಕೂಡಿಸಿಕೋ, ಕಾಲಿನಿಂದ ತುಳಿಯಬೇಡ ಎಂದು ಡಾಕ್ಟರು ಹೇಳಿದ್ದನ್ನು ನೀನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ ಎಂದು ಸೌಂದರ್ಯಾ ದೂರು ಹೇಳುತ್ತಿದ್ದಳು. ಮಗಳ ಮದುವೆ ಮುಗಿದು ಆರು ತಿಂಗಳಾಯಿತು, ಇನ್ನಾದರೂ ದಿನಕ್ಕೆ ಹತ್ತು ಕುಬುಸ ಹೊಲಿಯುವ ಹಟ ಬಿಡು. ನೀನು ಒಂದು ವಾರ ಕಾಲು ಚಾಚಿ ಕೂತರೆ ಗುಳೇದಗುಡ್ಡದ ಖಣವೇನೂ ಹಾಳಾಗಿ ಹೋಗುವುದಿಲ್ಲ. ಇಲ್ಲಿ ಸೆಕೆ ಇಳಿದಿದೆ. ಕಿಟಕಿ ತೆರೆದು ಮಲಗಬಹುದು, ಆದರೆ ಕೆಳಗಿನ ಹೋಟೆಲಿನ ದೋಸೆಯ ವಾಸನೆ ಆರು ಗಂಟೆಗೇ ಎಬ್ಬಿಸುತ್ತದೆ. ನೀನು ಕೊಟ್ಟ ಶೇಂಗಾ ಚಟ್ನಿಪುಡಿ ಮುಗಿದು ಡಬ್ಬಿ ತೊಳೆದು ಇಟ್ಟಿದ್ದೇನೆ. ನಾನು ಆರಾಮ ಇದ್ದೇನೆ, ಮೈಗೆ ಮಾತ್ರ.

ದಿನಾ ಫೋನಿನಲ್ಲಿ ಮಾತಾಡುವವನು ಕಾಗದ ಯಾಕೆ ಬರೆದ ಎಂದು ನಿನಗೆ ಈಗಾಗಲೇ ಗಾಬರಿಯಾಗಿರುತ್ತದೆ. ಯಾರಿಗೂ ಏನೂ ಆಗಿಲ್ಲ. ಮೂರು ಸಲ ಫೋನಿನಲ್ಲೇ ಹೇಳಲು ಹೋದೆ. ನೀನು ಎತ್ತಿದ ಕೂಡಲೇ "ಉಂಡ್ಯೇನೋ ತಮ್ಮಾ" ಎನ್ನುತ್ತೀ. ಉಂಡೆ ಎಂದು ಹೇಳಿ ಬೇರೆ ಸುದ್ದಿಗೆ ಹೊರಳುತ್ತೇನೆ. ವಾಟ್ಸಾಪಿನಲ್ಲಿ ಹಾಕಿದರೆ ನಿನಗಿಂತ ಮೊದಲು ಓಣಿಯವರು ಓದುತ್ತಾರೆ. ಅದಕ್ಕೆ ಈ ಕಾಗದ. ನಮ್ಮ ರೂಮಿನ ಯೂಜಿನ್ ನಾಳೆ ಮಂಗಳೂರಿಗೆ ಹೊರಟಿದ್ದಾನೆ, ಅಲ್ಲಿಂದ ಸ್ಪೀಡ್ ಪೋಸ್ಟ್ ಮಾಡುತ್ತಾನೆ. ಒಬ್ಬಳೇ ಇರುವಾಗ ಓದು.

ಸೌಂದರ್ಯಾಳ ಮದುವೆಗೆ ನಿನ್ನ ಗಂಡ, ನಮ್ಮ ದ್ಯಾಮಣ್ಣ ಮಾವ, ಬರದೇ ಹೋದದ್ದಕ್ಕೆ ಕಾರಣ ಮಾವ ಅಲ್ಲ. ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನಾಲ್ಕು ಪುಟ ಸುತ್ತಿ ಬಳಸಿ ಬರೆದು, ಹೇಳಬೇಕಾದದ್ದನ್ನು ನುಂಗಿಕೊಂಡು ಸಹಿ ಹಾಕುವ ಪೈಕಿ ನಾನು. ನಿನಗೆ ಗೊತ್ತಿದೆ.

ನನ್ನ ಕೆಲಸ ಏನೆಂದು ನೀನು ಎಷ್ಟೋ ಸಲ ಕೇಳಿದ್ದೀ, ನಾನು "ಕಂಪ್ಯೂಟರಿನಾಗ" ಎಂದು ಹಾರಿಸಿದ್ದೇನೆ. ಇವತ್ತು ಸರಿಯಾಗಿ ಹೇಳುತ್ತೇನೆ. ಮಾವ, ನಾನು ಇಬ್ಬರೂ ಇರುವ ಈ ಕಂಪನಿಯಲ್ಲಿ ರಜೆ ಅರ್ಜಿ, ಗೇಟ್ ಪಾಸು ಇವೆಲ್ಲ ಮೊದಲು ಕಾಗದದಲ್ಲಿದ್ದವು, ಅವನ್ನು ಎಲ್ಲರ ಫೋನಿಗೆ ತರುವುದು ನನ್ನ ಕೆಲಸ. ಬರೆಯುವ ಪೆಟ್ಟಿಗೆ, ತಾರೀಖು ಆರಿಸುವ ಕ್ಯಾಲೆಂಡರು, ಒತ್ತುವ ಬಟನ್ನು ಇವನ್ನೆಲ್ಲ ನಾವು ಕಡೆದು ಮಾಡುವುದಿಲ್ಲ. ಫ್ರೇಮ್‌ವರ್ಕ್ ಎಂದು ಒಂದಿರುತ್ತದೆ, ಅದರಲ್ಲಿ ತಯಾರಾಗಿಯೇ ಸಿಗುತ್ತವೆ. ವಿಜೆಟ್ ಎನ್ನುತ್ತಾರೆ. ಮಾಡಿದವರು ಒಂದೊಂದಕ್ಕೂ ಒಂದು ಬಣ್ಣ, ಒಂದು ಅಂಚು ಕೊಟ್ಟೇ ಕಳಿಸಿರುತ್ತಾರೆ. ನಮ್ಮ ಮ್ಯಾನೇಜರನಿಗೆ ಆ ಬಣ್ಣ ಹಿಡಿಸಲಿಲ್ಲ. ಕಂಪನಿಯ ಬಣ್ಣ ಹಸಿರು, ಎಲ್ಲ ಬಟನ್ನೂ ಹಸಿರಾಗಲಿ, ಯಲ್ಲಾ, ಬೇಗ ಮಾಡು ಎಂದ. ತುಂಬಲೇಬೇಕಾದ ಪೆಟ್ಟಿಗೆಯ ಪಕ್ಕ ಒಂದು ಕೆಂಪು ಚುಕ್ಕೆ ಇರುತ್ತಿತ್ತು, ಅದು ಪರದೆಗೆ ಹೊಲಸು ಹತ್ತಿದ ಹಾಗೆ ಕಾಣುತ್ತದೆ, ತೆಗೆ ಎಂದ. ಫ್ರೇಮ್‌ವರ್ಕಿನ ಬಣ್ಣ ಸುಲಭಕ್ಕೆ ಮಣಿಯುವುದಿಲ್ಲ ಅಕ್ಕಾ. ನೀನು ಹಸಿರು ಬರೆದರೂ ಅದು ತನ್ನ ಬಣ್ಣವನ್ನೇ ಮುಂದೆ ಮಾಡುತ್ತದೆ. ಆಗ ಸಾಲಿನ ಕೊನೆಗೆ ಇಂಪಾರ್ಟೆಂಟ್ ಎಂದು ಒಂದು ಪದ ಬರೆದರೆ ಅದರ ಬಾಯಿ ಮುಚ್ಚುತ್ತದೆ. ಕೆಲಸ ಬಲ್ಲವರು ಆ ಪದವನ್ನು ನಾಚಿಕೊಂಡು ಎಲ್ಲೋ ಒಮ್ಮೆ ಬಳಸುತ್ತಾರೆ. ನಾನು ಇಪ್ಪತ್ತಮೂರು ಕಡೆ ಬರೆದೆ, ಮ್ಯಾನೇಜರ್ ಬೆನ್ನು ತಟ್ಟಿದ.

ನಾನು ಯೋಚನೆ ಮಾಡದೇ ಇದ್ದದ್ದು ಒಂದೇ. ಅವರು ಕೊಟ್ಟ ಬಣ್ಣಗಳಲ್ಲಿ ಒಂದು ಬೂದಿ ಬಣ್ಣವೂ ಇತ್ತು. ಅರ್ಜಿಯಲ್ಲಿ ಒಂದು ಪೆಟ್ಟಿಗೆ ಖಾಲಿ ಉಳಿದರೆ ಕಳಿಸುವ ಬಟನ್ನು ತಾನಾಗಿ ಸತ್ತು ಬೂದಿ ಬಣ್ಣಕ್ಕೆ ತಿರುಗುತ್ತದೆ, ಒತ್ತಿ ಉಪಯೋಗವಿಲ್ಲ ಎಂದು ನೋಡಿದವರಿಗೆ ತಿಳಿಯಲಿ ಎಂದು. ನನ್ನ ಹಸಿರು ಅದರ ಮೇಲೂ ಕೂತಿತು. ಬಟನ್ನು ಸತ್ತಿದೆ, ಬಣ್ಣ ಮಾತ್ರ ಬದುಕಿದ ಬಟನ್ನಿನದು. ರೆಡಿಮೇಡ್ ಕೋಟಿಗೆ ಕಿಸೆಯ ಬಾಯಿ ಮಾತ್ರ ಹೊಲಿದಿರುತ್ತಾರೆ, ಒಳಗೆ ಕಿಸೆಯೇ ಇರುವುದಿಲ್ಲ ಎಂದು ನೀನು ಬೈಯುತ್ತೀಯಲ್ಲ, ನಾನು ಹೊಲಿದದ್ದು ಅಂಥ ಕಿಸೆ.

ಮಾರ್ಚ್ ಮೊದಲ ವಾರ ಆ್ಯಪ್ ಶುರುವಾಯಿತು. ಏಪ್ರಿಲ್, ಮೇ ಎರಡೂ ತಿಂಗಳು ಗ್ಯಾಸ್ ಪ್ಲಾಂಟಿನಲ್ಲಿ ಶಟ್‌ಡೌನ್ ರಿಪೇರಿ. ಮೊದಲೇ ಪಟ್ಟಿಯಲ್ಲಿ ಹೆಸರಿದ್ದವನಿಗೆ ಮಾತ್ರ ರಜೆ, ಉಳಿದವರ ರಜೆ ಖಲಾಸ್. ಆ್ಯಪ್ ಶುರುವಾದ ವಾರದ ಶುಕ್ರವಾರ ಮಾವ ಅಲ್ ಖೋರ್ ಕ್ಯಾಂಪಿನಿಂದ ಬಸ್ಸಿನಲ್ಲಿ ಬಂದು, ನನ್ನ ಮಂಚದ ಮೇಲೆ ಕೂತು, ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ಅರ್ಜಿ ತುಂಬಿದರು. ಕಾರಣ ಎಂಬಲ್ಲಿ ಮಗಳ ಮದುವೆ ಎಂದು ಇಂಗ್ಲಿಷಿನಲ್ಲಿ ಬರೆಯುವುದು ಹೇಗೆಂದು ನನ್ನನ್ನು ಕೇಳಿ ಬರೆದುಕೊಂಡರು. ಊರಿನ ಫೋನ್ ನಂಬರಿನ ಪೆಟ್ಟಿಗೆ ಒಂದು ಖಾಲಿ ಉಳಿಯಿತು. ಚುಕ್ಕೆ ನಾನೇ ತೆಗೆದಿದ್ದೆನಲ್ಲ, ತುಂಬಲೇಬೇಕೆಂದು ಅವರಿಗೆ ಯಾರು ಹೇಳಬೇಕು? ಹಸಿರು ಬಟನ್ ಒತ್ತಿದರು. ಪರದೆ ಅಲ್ಲಾಡಲಿಲ್ಲ. "ಹೋತೇನೋ ಬಸೂ, ನೋಡು ಸ್ವಲ್ಪ" ಎಂದರು. ನಾನು ಕ್ರಿಕೆಟ್ ನೋಡುತ್ತಿದ್ದೆ. ತಲೆ ಎತ್ತದೆ, "ಒತ್ತಿದ್ರಿಲ್ಲ? ಹೋತು ಬಿಡ್ರಿ ಮಾವ" ಎಂದೆ.

ಪಟ್ಟಿಯಲ್ಲಿ ಹೆಸರಿಲ್ಲ ಎಂದು ತಿಳಿದಾಗ ಮಾವ ಆಫೀಸಿಗೆ ಬಂದರು. ನಮ್ಮ ರಜೆಯ ವಿಭಾಗ ನೋಡುವ ಮಟಿಲ್ಡಾ ಬಾಯಿ ಉಡುಪಿ ಕಡೆಯವರು, ಕಟ್ಟುನಿಟ್ಟು, ಆದರೆ ಕೆಟ್ಟವರಲ್ಲ. ಆ್ಯಪ್‌ನದೇ ತಪ್ಪು ಎಂದು ಐಟಿಯವರು ಒಂದು ಸಾಲು ಬರೆದುಕೊಟ್ಟರೆ ಹೆಸರು ಸೇರಿಸುತ್ತೇನೆ ಎಂದರು. ಮಾವ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು. ನಾನು ಆ್ಯಪ್ ತೆರೆದು ನೋಡಿದೆ. ತಪ್ಪು ನನ್ನದೆಂದು ಎರಡೇ ನಿಮಿಷಕ್ಕೆ ತಿಳಿಯಿತು. ಭಾನುವಾರ, ಇಲ್ಲಿ ಅದು ಕೆಲಸದ ದಿನ, ಆ ಆ್ಯಪ್ಪನ್ನು ದೊಡ್ಡ ಸಾಹೇಬರಿಗೆ ತೋರಿಸುವುದಿತ್ತು, ಅದಾದ ಮೇಲೆ ನನ್ನ ಕೆಲಸ ಖಾಯಂ ಆಗುವುದಿತ್ತು. ನಾನು ಮಟಿಲ್ಡಾ ಬಾಯಿಗೆ ಬರೆದುಕೊಟ್ಟ ಸಾಲು ಇದು: ಆ್ಯಪ್‌ನಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಅದೇ ಮಧ್ಯಾಹ್ನ ಯಾರಿಗೂ ಹೇಳದೆ ಬೂದಿ ಬಣ್ಣವನ್ನೂ ಕೆಂಪು ಚುಕ್ಕೆಯನ್ನೂ ತಿರುಗಿ ಹಾಕಿದೆ.

ನನಗೆ ಈ ಕೆಲಸ ಕೊಡಿಸಿದವರು ಯಾರು ಅಕ್ಕಾ? ನನ್ನ ಬಯೋಡೇಟಾ ಹಿಡಿದು ಮೂರು ವಾರ ಅದೇ ಆಫೀಸಿನ ಬಾಗಿಲಲ್ಲಿ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ನಿಂತವರು ಮಾವ. ಅವರ ಕೆಲಸವೂ ನಿನಗೆ ಗೊತ್ತು. ಪ್ಲಾಂಟಿನಲ್ಲಿ ಎತ್ತರದ ಕೆಲಸಕ್ಕೆ ಪೈಪಿನ ಅಟ್ಟ ಕಟ್ಟಿಸುವ ಫೋರ್‌ಮನ್. ಅಟ್ಟ ಕಟ್ಟಿ ಮುಗಿಯುವವರೆಗೆ ಅದಕ್ಕೆ ಕೆಂಪು ಚೀಟಿ, ಯಾರೂ ಹತ್ತುವಂತಿಲ್ಲ. ಮಾವ ತಾವೇ ಹತ್ತಿ, ಪ್ರತಿ ಹಲಗೆ ತುಳಿದು ನೋಡಿ, ಆಮೇಲೆ ಹಸಿರು ಚೀಟಿ ಕಟ್ಟುತ್ತಾರೆ. ಹದಿನಾರು ವರ್ಷದಲ್ಲಿ ಅವರ ಹಸಿರು ಚೀಟಿ ನಂಬಿ ಹತ್ತಿದ ಒಬ್ಬನೂ ಬಿದ್ದಿಲ್ಲ. ಅಂಥವರು ನನ್ನ ಹಸಿರನ್ನು ನಂಬಿದರು.

ಆಮೇಲಿನದು ನಿನ್ನ ಕಣ್ಣೆದುರಿಗೇ ನಡೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, "ಮಾವಗ ಆ್ಯಪ್ ತಿಳಿಯಂಗಿಲ್ಲಕ್ಕಾ, ಎಲ್ಲೋ ಎಡವಟ್ ಮಾಡ್ಯಾರ" ಎಂದು ನಿನಗೆ ಫೋನಿನಲ್ಲಿ ಹೇಳಿದವನು ನಾನೇ. ಬೀಗರು ದಿನ ಮುಂದೆ ಹಾಕಲು ಒಪ್ಪಲಿಲ್ಲ. ಆಫೀಸಿನವನಾದ ನನಗೆ ರಜೆ ಸುಲಭಕ್ಕೆ ಸಿಕ್ಕಿತು. ಮಾವನಿಗೆ ಅಣ್ಣತಮ್ಮಂದಿರಿಲ್ಲ, ಹಂದರದಲ್ಲಿ ತಂದೆ ನಿಲ್ಲಬೇಕಾದ ಜಾಗದಲ್ಲಿ ಹೊಸ ಧೋತರ ಉಟ್ಟು ನಾನು ನಿಂತೆ. ಅಕ್ಕಿಕಾಳು ಬಿದ್ದ ಮೇಲೆ ಸೌಂದರ್ಯಾ ಎರಡು ಸಲ ನನ್ನ ಕಾಲು ಮುಟ್ಟಿದಳು. "ಒಂದು ನಿಮಗ ಮಾಮಾ, ಒಂದು ಅಪ್ಪಗ" ಎಂದಳು. ನನ್ನ ಕಾಲು ಅಲ್ಲೇ ಮುರಿದು ಬಿದ್ದಿದ್ದರೆ ಚೆನ್ನಾಗಿತ್ತು. ನೀನು ಬೀಗಿತಿಯರ ನಡುವೆ ಕೂತು, "ಅವರಿಗೆ ನಾಕು ಸಾಲು ತುಂಬಾಕ ಬರಲಿಲ್ಲ, ನನ್ನ ತಮ್ಮ ಇದ್ದ, ಮಾನ ಉಳೀತು" ಎಂದೆ. ನಾನು ಆಯೇರಿಯ ಶಾಲು ಹೊದ್ದುಕೊಂಡು ತಲೆ ಬಗ್ಗಿಸಿ ನಿಂತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು. ಅದೇ ಹೊತ್ತಿನಲ್ಲಿ ಮಾವ ಪ್ಲಾಂಟಿನೊಳಗೆ ಇದ್ದರು. ಅಲ್ಲಿ ಫೋನ್ ಒಯ್ಯುವ ಹಾಗಿಲ್ಲ. ಮಗಳ ಮದುವೆಯನ್ನು ಅವರು ನೋಡಿದ್ದು ಸಂಜೆ ಕ್ಯಾಂಪಿಗೆ ಹೋಗುವ ಬಸ್ಸಿನಲ್ಲಿ, ಪಕ್ಕದವನಿಗೂ ಕಾಣುವಂತೆ ಫೋನ್ ಹಿಡಿದುಕೊಂಡು.

ಅಂದಿನಿಂದ ನೀನು ಅವರ ಫೋನ್ ಎತ್ತಿಲ್ಲ. ಪ್ರತಿ ಶುಕ್ರವಾರ ಸಂಜೆ ಐದಕ್ಕೆ ನನ್ನ ಮಂಚದ ಮೇಲೆ ಕೂತೇ ಮಾಡುತ್ತಾರೆ, ಪೂರ್ತಿ ರಿಂಗಾಗಿ ನಿಲ್ಲುತ್ತದೆ. "ಕೆಲಸದಾಗ ಇರಬೇಕು" ಎಂದು ಫೋನನ್ನು ಅಂಗಿಯ ಕಿಸೆಗೆ ಇಟ್ಟುಕೊಳ್ಳುತ್ತಾರೆ. ನಾನು ಚಹಾ ಮಾಡುವ ನೆಪದಲ್ಲಿ ಎದ್ದು ಹೋಗುತ್ತೇನೆ. ಇಪ್ಪತ್ತಾರು ಶುಕ್ರವಾರ ಚಹಾ ಮಾಡಿದ್ದೇನೆ.

ಮಾವನಿಗೆ ಡಿಸೆಂಬರಿಗೆ ರಜೆ ಮಂಜೂರಾಗಿದೆ. ಹೋದ ವಾರ ನನ್ನನ್ನು ಕರೆದುಕೊಂಡು ಹೋಗಿ ನಿನ್ನ ಮಷೀನಿಗೆ ಮೋಟರ್ ಖರೀದಿ ಮಾಡಿದರು. ಪೆಡಲು ಸರಿಯಾಗಿ ಒತ್ತುತ್ತದೆಯೇ ಎಂದು ಅಂಗಡಿಯಲ್ಲಿ ನಾಲ್ಕು ಸಲ ಒತ್ತಿ ನೋಡಿದರು. ಹೊರಗೆ ಬಂದ ಮೇಲೆ, "ನಿಮ್ಮಕ್ಕ ಒಳಗ ಕರೀತಾಳೋ, ಮೋಟರ್ ಇಸ್ಕೊಂಡು ಕಟ್ಟೀಮ್ಯಾಲ ಕುಂಡರಸ್ತಾಳೋ" ಎಂದು ನಕ್ಕರು. ನೀನು ಅದಕ್ಕೆ ಎರಡು ದಿನ ಮೊದಲಷ್ಟೇ ನನಗೆ, "ಬಂದ್ರ ಬರಲಿ, ಮನಿ ಅವರದ, ನಾ ಮಾತಾಡಂಗಿಲ್ಲ" ಎಂದಿದ್ದೆ. ಅವತ್ತೇ ಈ ಕಾಗದ ಬರೆಯುವುದು ಎಂದು ನಿಶ್ಚಯ ಮಾಡಿದೆ.

ನಿನ್ನೆ ಮಟಿಲ್ಡಾ ಬಾಯಿಯ ಹತ್ತಿರ ಹೋಗಿ ಮಾರ್ಚಿನಲ್ಲಿ ಬರೆಯಬೇಕಾಗಿದ್ದ ಸಾಲನ್ನು ಬರೆದು ಕೊಟ್ಟೆ. ತಪ್ಪು ಆ್ಯಪ್‌ನದು, ಮಾಡಿದವನು ನಾನು, ಗೊತ್ತಿದ್ದೂ ಮುಚ್ಚಿಟ್ಟವನೂ ನಾನು. ಅವರು ಎರಡು ಸಲ ಓದಿದರು. "ಮದುವೆ ಮುಗೀತಲ್ಲ ಮಾರಾಯ, ಇನ್ನು ಇದನ್ನು ಇಟ್ಕೊಂಡು ನಾನು ಎಂತ ಮಾಡುದು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಭಾನುವಾರ ಮ್ಯಾನೇಜರ್ ಕರೆದಿದ್ದಾನೆ. ಕೆಲಸ ಉಳಿಯುತ್ತದೋ ಇಲ್ಲವೋ, ನಿನಗೆ ಅದರ ಚಿಂತೆ ಬೇಡ. ಮಾಡಿದ್ದುಣ್ಣೋ ಮಹಾರಾಯ ಎಂದು ಅಪ್ಪ ಹೇಳುತ್ತಿದ್ದರಲ್ಲ, ಉಣ್ಣುತ್ತೇನೆ. ನೀನು ನನ್ನನ್ನು ಬೈ. ನನ್ನ ಸಂಗಡ ಮಾತು ಬಿಡು. ಆರು ತಿಂಗಳು ಮಾವನ ಮೇಲೆ ಇಟ್ಟ ಸಿಟ್ಟನ್ನು ನನ್ನ ಮೇಲೆ ಒಂದು ವರ್ಷ ಇಡು, ನಾನು ಯಾಕೆ ಎಂದು ಕೇಳುವುದಿಲ್ಲ. ಮಾವನಿಗೆ ಇದನ್ನು ಇನ್ನೂ ಹೇಳಿಲ್ಲ. ಇವತ್ತು ಬರುತ್ತಾರೆ, ಹೇಳುತ್ತೇನೆ, ಕಾಲು ಹಿಡಿಯುತ್ತೇನೆ.

ಸೌಂದರ್ಯಾಳಿಗೂ ಅವಳ ಗಂಡನಿಗೂ ನನ್ನ ಆಶೀರ್ವಾದ ಎಂದು ಬರೆಯಲು ಕೈ ಬರುತ್ತಿಲ್ಲ. ಇಬ್ಬರೂ ಸುಖವಾಗಿರಲಿ. ಅವಳಿಗೆ ಇದನ್ನು ಹೇಳುವುದು ಬಿಡುವುದು ನಿನಗೆ ಸೇರಿದ್ದು. ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ಹಚ್ಚಿಕೋ. ನಿನ್ನ ಪಾದಕ್ಕೆ ಹಣೆ ಹಚ್ಚಿ,

ನಿನ್ನ ತಮ್ಮ,
ಬಸವಲಿಂಗ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಾವ ಬಂದರು. ನಿಂತಲ್ಲೇ ಎಲ್ಲ ಹೇಳಿದೆ. ಅವರಿಗೆ ಜೂನಿನಿಂದಲೇ ಗೊತ್ತಿತ್ತಂತೆ. ಮತ್ತೆ ರಜೆಗೆ ಅರ್ಜಿ ತುಂಬುವಾಗ ಬಟನ್ನು ಬೂದಿ ಬಣ್ಣಕ್ಕೆ ಇತ್ತಂತೆ, ಊರಿನ ನಂಬರು ಬರೆದ ಮೇಲೆ ಹಸಿರಾಯಿತಂತೆ. "ಮೊದಲ ಹಿಂಗ ಇದ್ದಿಲ್ಲ. ಚೀಟಿ ಬದಲಿ ಮಾಡಿದ್ದು ನನಗ ತಿಳಿಯಂಗಿಲ್ಲೇನೋ ಬಸೂ" ಎಂದರು. ಅಕ್ಕನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನನ್ನ ಮ್ಯಾಲಿನ ಸಿಟ್ಟು ಇವತ್ತಲ್ಲ ನಾಳೆ ಇಳೀತೈತಿ, ಗಂಡ ಎಲ್ಲಿ ಹೋಗ್ತಾನ. ಅಪ್ಪ ಅವ್ವ ಹೋದಮ್ಯಾಲ ಆಕಿಗೆ ತವರು ಅಂದ್ರ ನೀ ಒಬ್ಬನ. ಅದನ್ನ ಕಸ್ಕೊಳ್ಳಾಕ ನನಗ ಮನಸ್ಸಾಗಲಿಲ್ಲ. ಆ ಕಾಗದ ಹರದ ಹಾಕು" ಎಂದರು. ಇದೇ ಆ ಕಾಗದ ಎಂದು ಅವರೆದುರಿಗೆ ಯೂಜಿನ್‌ನ ಹಳೆಯ ಕರೆಂಟ್ ಬಿಲ್ಲು ಹರಿದು ತೋರಿಸಿದ್ದೇನೆ. ಇದು ಅವರಿಗೆ ನಾನು ಹೇಳಿದ ಕೊನೆಯ ಸುಳ್ಳು. ಈಗ ಒಳಗೆ ಜುಣಕಕ್ಕೆ ಒಗ್ಗರಣೆ ಹಾಕುತ್ತಿದ್ದಾರೆ, ಉಣ್ಣಲು ಕರೆಯುತ್ತಿದ್ದಾರೆ. ಬರುವ ಶುಕ್ರವಾರ ಐದಕ್ಕೆ, ನಿನಗೆ ಏಳೂವರೆಗೆ, ಅವರ ಫೋನ್ ಬರುತ್ತದೆ. ನನ್ನದು ಎತ್ತದಿದ್ದರೂ ಸರಿ ಅಕ್ಕಾ, ಅದನ್ನು ಎತ್ತು.