ಸರ್ಕಾರ ಕೊಟ್ಟ ಬಾಗಿಲು

ಕ್ಯೂ ಗಾರ್ಡನ್ಸ್ ಹಿಲ್ಸ್, ಕ್ವೀನ್ಸ್
ಜನವರಿ, ಮಂಗಳವಾರ

ಪ್ರಿಯ ಆನ್ಷೆಲ್ ಅವರಿಗೆ,

‘ಪ್ರಿಯ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಬೇರೆ ಮನೆ ಮಾಡಿಕೊಂಡ ಗಂಡನನ್ನು ಏನೆಂದು ಕರೆಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಸದ್ಯಕ್ಕೆ ಇದನ್ನು ಮುಖ್ಯೋಪಾಧ್ಯಾಯಿನಿಯ ಪತ್ರವೆಂದೇ ಓದಿಕೊಳ್ಳಿ.

ವಿಷಯ ಇಷ್ಟು. ನಮ್ಮಂಥ ಖಾಸಗಿ ಶಾಲೆಗಳ ವಿಜ್ಞಾನ ಮೇಷ್ಟರ ಸಂಬಳಕ್ಕೆ ರಾಜ್ಯ ಸರ್ಕಾರ ಕೊಡುವ ನೆರವು ಕೊನೆಗೂ ನಮಗೆ ಮಂಜೂರಾಗಿದೆ. ರಾಜಧಾನಿ ಆಲ್ಬನಿಗೆ ಅಲೆದು ಬೂಟು ಸವೆಸಿದ್ದು ಸಾರ್ಥಕವಾಯಿತು. ಮೇಷ್ಟರ ಜಾಗ ಖಾಲಿ ಇದೆ. ಕೆಂಪು ಎಲೆಕೋಸಿನ ರಸಕ್ಕೆ ನಿಂಬೆ ಹಿಂಡಿ ನೀವು ಬಣ್ಣ ಬದಲಿಸುತ್ತಿದ್ದುದನ್ನು ಹುಡುಗಿಯರು ಇನ್ನೂ ಹೇಳಿಕೊಂಡು ನಗುತ್ತಾರೆ.

ಈ ನೆರವು ಮೊದಲೇ ಬಂದಿದ್ದರೆ ಎಂದು ಎಷ್ಟು ಸಲ ಅಂದುಕೊಂಡೆನೋ. ಶಾಲೆಯ ಕಿಟಕಿಗೆ ಕಲ್ಲು ಬಿದ್ದ ಆ ವರ್ಷ ಸರ್ಕಾರದಿಂದ ಬಂದದ್ದು ಭದ್ರತೆಯ ಹಣ ಮಾತ್ರ. “ಬಾಗಿಲಿಗೆ ಉಕ್ಕು ಬಂತು ತ್ಸಿರೆಲ್, ಮಕ್ಕಳ ತಲೆಗೆ ಏನ್ ತರ್ತೀಯ?” ಎಂದು ನೀವು ಸಮಿತಿಯ ಎದುರಿಗೇ ಕೇಳಿದಿರಿ. “ಮೊದ್ಲು ತಲೆ ಕತ್ತಿನ ಮೇಲಿರ್ಲಿ, ಆಮೇಲೆ ನಿಮ್ಮ ಎಲೆಕೋಸು” ಎಂದೆ ನಾನು. ಎಲ್ಲರೂ ನಕ್ಕರು, ನೀವೊಬ್ಬರನ್ನು ಬಿಟ್ಟು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀವು ಮೊದಲು ಶಾಲೆ ಬಿಟ್ಟಿರಿ, ಆಮೇಲೆ ಮನೆ.

ಆ ಬಾಗಿಲಿನ ಬಗ್ಗೆಯೂ ಹೇಳಬೇಕು. ಗುಂಡಿ ಒತ್ತಿದರೆ ಮಾತ್ರ ತೆರೆಯುವ ಕರೆಂಟಿನ ಬೀಗ. ಶನಿವಾರ ನಮ್ಮ ಸಬ್ಬತ್, ಕೆಲಸ ನಿಷಿದ್ಧವಾದ ದಿನ; ನಾವು ಯಾರೂ ಕರೆಂಟು ಮುಟ್ಟುವವರಲ್ಲ, ಅದೇ ಕಟ್ಟಡದಲ್ಲಿ ಶನಿವಾರ ಪ್ರಾರ್ಥನೆ ಬೇರೆ. ಇಡೀ ಸಮಿತಿ ಯೆಹೂದಿಗಳೇ. ಬೀಗ ಆರಿಸುವಾಗ ಒಬ್ಬರಿಗೂ ಶನಿವಾರ ನೆನಪಾಗಲಿಲ್ಲ! ಪ್ರಾರ್ಥನೆ ಶುರುವಾಗುವವರೆಗೆ ಕಾವಲುಗಾರ ಬಾಗಿಲು ಹಿಡಿದು ನಿಲ್ಲುತ್ತಾನೆ. ತಡವಾಗಿ ಬಂದವರ ಗತಿ ದೇವರಿಗೇ ಪ್ರೀತಿ.

ಈಗಿನ ಕಾವಲುಗಾರ ಕ್ಲೈಡ್, ಗಯಾನಾದವನು, ಹೊಸಬ. ನಿನ್ನೆ ನನ್ನ ಕೋಣೆಗೆ ಬಂದು ಹೇಳಿದ: “ಮೇಡಂ, ಶನಿವಾರ ಒಬ್ರು ಹಿರಿಯರು ಬಂದಿದ್ರು. ‘ಹೊರಗೆ ಬಹಳ ಚಳಿ’ ಅಂದ್ರು. ‘ಹೌದು ಸಾರ್, ವಾರವೆಲ್ಲಾ ಹೀಗೇನೆ’ ಅಂದೆ. ‘ಒಳಗೆ ಪ್ರಾರ್ಥನೆ ನಡೀತಿರ್ಬೇಕು’ ಅಂದ್ರು. ‘ಶುರುವಾಗಿ ಬಹಳ ಹೊತ್ತಾಯ್ತು’ ಅಂದೆ. ‘ಬಾಗಿಲು ಮುಚ್ಚಿದೆ’ ಅಂದ್ರು. ‘ಗಟ್ಟಿ ಬಾಗಿಲು ಸಾರ್, ಸರ್ಕಾರ ಕೊಟ್ಟಿದ್ದು’ ಅಂದೆ. ನಕ್ಕು ಹೊರಟೋದ್ರು. ಪಾಪ, ಮಾತಾಡೋಕೆ ಮನೇಲಿ ಯಾರೂ ಇಲ್ಲ ಅನ್ಸುತ್ತೆ.”

ಪರಧರ್ಮದವನಿಗೂ ಆ ದಿನ ‘ತೆರೆ’ ಎಂದು ನೇರವಾಗಿ ಹೇಳುವಂತಿಲ್ಲ, ‘ಚಳಿ’ ಎಂದು ಸೂಚಿಸಬಹುದಷ್ಟೇ. ಹಳೆಯ ಕಾವಲುಗಾರ ನಮ್ಮ ಕೆಮ್ಮಿಗೂ ಅರ್ಥ ಹಚ್ಚುತ್ತಿದ್ದ. ಇವನಿಗೆ ಯಾರು ಹೇಳಿಕೊಟ್ಟಿದ್ದರು? ನನಗೆ ನಗು ಬಂತು. ಆಮೇಲೆ ಕ್ಯಾಮೆರಾದ ಚಿತ್ರ ನೋಡಿದೆ. ಹ್ಯಾಟಿನ ಮೇಲೆ ಮಫ್ಲರ್ ಸುತ್ತಿಕೊಂಡು ನೀವು ನಿಂತಿದ್ದಿರಿ. ಬಾಗಿಲ ಚೌಕಟ್ಟಿನ ಮೆಜುಜಾ, ಆ ಧರ್ಮವಾಕ್ಯದ ಪುಟ್ಟ ಕರಡಿಗೆ ಮುಟ್ಟಿ, ಬೆರಳಿಗೆ ಮುತ್ತಿಟ್ಟು ಹಿಂದಿರುಗಿದಿರಿ. ಅವತ್ತು ಅತ್ತೆ ತೀರಿಕೊಂಡ ತಿಥಿ. ಅವರು ಅಷ್ಟು ವರ್ಷ ಅಡುಗೆ ಮಾಡಿದ ಶಾಲೆಯಲ್ಲೇ, ಹತ್ತು ಗಂಡಸರು ಸೇರದೆ ಹೇಳಲಾಗದ ಅವರ ಹೆಸರಿನ ಪ್ರಾರ್ಥನೆ ಹೇಳಲು ಬಂದಿದ್ದಿರಿ. ನಾನು ಒಳಗೆ ಹೆಂಗಸರ ಸಾಲಿನಲ್ಲಿ ಬೆಚ್ಚಗೆ ಕುಳಿತಿದ್ದೆ. ಆ ಚಿತ್ರವನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದೆ, ಆನ್ಷೆಲ್.

ನಾವಿಬ್ಬರೂ ಹೀಗೇ ಅಲ್ಲವೇ ಬಾಳಿದ್ದು? ‘ಚಳಿ ಇದೆ’ ಎಂದು ನೀವು, ‘ಹೌದು, ಇದೆ’ ಎಂದು ನಾನು. ‘ಇರಿ’ ಎಂದು ನಾನು ಕೇಳಲಿಲ್ಲ, ‘ಇರಲೇ’ ಎಂದು ನೀವೂ ಕೇಳಲಿಲ್ಲ. ಈ ಪತ್ರದಲ್ಲೂ ನೋಡಿ, ‘ಮೇಷ್ಟರ ಜಾಗ ಖಾಲಿ ಇದೆ’ ಎಂದಷ್ಟೇ ಬರೆದಿದ್ದೇನೆ.

ಕ್ಲೈಡ್‌ಗೆ ಈಗ ಎಲ್ಲ ತಿಳಿಸಿದ್ದೇನೆ. ಇನ್ನು ಮುಂದೆ ಯಾರಾದರೂ ಚಳಿ ಎಂದರೆ ಸಾಕು, ಬಾಗಿಲು ತೆರೆಯುತ್ತದೆ.

ನಿಮ್ಮ ಉತ್ತರಕ್ಕೆ ಕಾದಿರುವ,
ತ್ಸಿರೆಲ್

ತಾ.ಕ.: ಜೊತೆಗಿರುವ ಪೊಟ್ಟಣದಲ್ಲಿ ನೀವು ಬಿಟ್ಟುಹೋದ ಕಂದು ಬೆಲ್ಟಿದೆ. ಶನಿವಾರ ಬೀದಿಯಲ್ಲಿ ನೀವು ಏನನ್ನೂ ಹೊರುವುದಿಲ್ಲವಲ್ಲ, ಅದಕ್ಕೇ ಒಂದು ಕೀಲಿಕೈಯನ್ನೇ ಅದರ ಕೊಂಡಿಯಾಗಿ ಹಾಕಿಸಿದ್ದೇನೆ. ಹೀಗಾದರೆ ಅದು ಉಡುಪು, ಹೊರೆಯಲ್ಲ; ಸೊಂಟಕ್ಕೆ ಕಟ್ಟಿಕೊಂಡು ಬರಬಹುದು. ಶಾಲೆಯದೆಂದು ತಿಳಿಯಬೇಡಿ. ಮನೆಯ ಬೀಗವನ್ನು ನಾನು ಬದಲಿಸಲೇ ಇಲ್ಲ. ಬನ್ನಿ.