ಪಿಸುಮಾತಿನ ಮೂಲೆಯಲ್ಲಿ ತಮ್ಮ ಗಂಟಲು

ಸ್ಮಾರಕಗಳ ಪಾಲನೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ತಮ್ಮ ಧ್ವನಿ ಬಹಳ ಚೆನ್ನಾಗಿದೆ. ಗಂಭೀರವಾಗಿದೆ, ಸ್ಪಷ್ಟವಾಗಿದೆ, ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚಾಗಿದೆ. ಹಳೆಯ ಮಸೀದಿಯ ಗುಮ್ಮಟದಡಿ ತಾವು ಕಟ್ಟಿಸಿರುವ ಧ್ವನಿವರ್ಧಕವು "ಸಂದರ್ಶಕರ ಗಮನಕ್ಕೆ. ಇದು ಪವಿತ್ರ ಹಾಗೂ ಪ್ರಾಚೀನ ಸ್ಥಳ. ದಯವಿಟ್ಟು ನಿಶ್ಶಬ್ದ ಕಾಪಾಡಿ" ಎಂದು ಉಸಿರು ತೆಗೆದುಕೊಳ್ಳುವಷ್ಟು ಮಾತ್ರ ನಿಂತು ಮತ್ತೆ ಮತ್ತೆ ಕೂಗುತ್ತಿದೆ. ಆ ಕೂಗು ಕಳೆದ ವಾರ ನನ್ನ ಅಜ್ಜಿಗೆ ಸೇರಬೇಕಾಗಿದ್ದ ಒಂದು ಉತ್ತರವನ್ನು ನುಂಗಿ ನೀರು ಕುಡಿದಿದೆ. ಸರ್ಕಾರಿ ಉಪಕರಣವೊಂದು ಖಾಸಗಿ ಸ್ವತ್ತನ್ನು ನುಂಗಿದಾಗ ಯಾರನ್ನು ಕೇಳಬೇಕೆಂದು ತಿಳಿಯದೆ, ನುಂಗಿದ ಧ್ವನಿಯ ಮಾಲೀಕರಾದ ತಮ್ಮನ್ನೇ ಕೇಳುತ್ತಿದ್ದೇನೆ.

ಆ ಧ್ವನಿ ತಮ್ಮದೇ ಎಂಬುದನ್ನು ನಾನು ಊಹಿಸಿದ್ದಲ್ಲ. "ನಮ್ಮ ಸಾಹೇಬರದೇ" ಎಂದು ಬಾಗಿಲ ಕಾವಲುಗಾರರು ಹೆಮ್ಮೆಯಿಂದ ಎದೆ ಮುಟ್ಟಿಕೊಂಡು ಹೇಳಿದರು.

ಮಸೀದಿಯನ್ನು ತಾವು ನೋಡಿರಬಹುದು. ನೋಡಿರದಿದ್ದರೆ ನನ್ನ ವಿವರಣೆ ನೆರವಾದೀತು. ಅಂಗಳದಲ್ಲಿ ಕೈಕಾಲು ತೊಳೆಯುವ ಕೊಳ, ಒಳಗೆ ತಣ್ಣನೆಯ ಕಲ್ಲುನೆಲ, ಮೇಲೆ ಗುಮ್ಮಟ. ಗುಮ್ಮಟವನ್ನು ಹೊತ್ತ ಕಮಾನುಗಳು ನಾಲ್ಕು ಮೂಲೆಗೆ ಇಳಿಯುತ್ತವೆ. ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಮಾತು ಕಮಾನನ್ನು ಹತ್ತಿ, ಜನರ ತಲೆಯ ಮೇಲೆ ಹಾದು, ಎದುರು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತವರ ಕಿವಿಗೆ ಇಳಿಯುತ್ತದೆ. ನಡುವೆ ನಿಂತವರಿಗೆ ಒಂದಕ್ಷರ ಕೇಳದು. ಇದನ್ನು ಕಟ್ಟಿದವರಿಗೆ ವಿದ್ಯುತ್ತಿರಲಿಲ್ಲ, ಕಚೇರಿಯಿರಲಿಲ್ಲ. ಇವೆರಡೂ ಇರುವ ನಮ್ಮ ಕಾಲದಲ್ಲಿ ಅದೇ ಗುಮ್ಮಟದಡಿ ಪಕ್ಕದಲ್ಲಿದ್ದವರ ಮಾತೂ ಕೇಳದಂತೆ ಮಾಡಿದ್ದೀರಿ. ಪ್ರಗತಿಯೆಂದರೆ ಇದೇ ಇರಬೇಕು.

ಇನ್ನು ನಮ್ಮ ಮನೆಯ ವಿಚಾರ. ನನ್ನ ಅಜ್ಜಿ ಹೊಲಿಗೆಯವರು, ಅವರ ತಂಗಿ, ಅಂದರೆ ನನ್ನ ಚಿಕ್ಕಜ್ಜಿ, ನಿವೃತ್ತ ಶಿಕ್ಷಕಿ. ಅಜ್ಜ ತೀರಿಕೊಂಡ ದಿನ ಚಿಕ್ಕಜ್ಜಿ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅಜ್ಜಿ ಕೇಳಲಿಲ್ಲ, ಕೇಳದೆ ಹೇಳುವುದು ಚಿಕ್ಕಜ್ಜಿಯ ಜಾಯಮಾನವಲ್ಲ. "ಇನ್ನು ಅವಳ ಮುಖ ನೋಡಲ್ಲ" ಎಂದು ಇವರು ಹೇಳಿದ್ದು ಅವರಿಗೆ ಮುಟ್ಟಿತು. "ನಾನೇನೂ ತೋರಿಸೋಕೆ ಹೋಗಲ್ಲ" ಎಂದು ಅವರು ಹೇಳಿದ್ದು ಇವರಿಗೆ ಮುಟ್ಟಿತು. ಅಂದಿನಿಂದ ನಮ್ಮ ಮನೆಯ ಮದುವೆಗಳಲ್ಲಿ ಕುರ್ಚಿ ಹಾಕುವುದೇ ಒಂದು ವಿದೇಶಾಂಗ ವ್ಯವಹಾರ. ಫೋನು ಇಬ್ಬರ ಬಳಿಯೂ ಇದೆ. ಮೊದಲು ಯಾರು ಮಾಡಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಈಗ ಅಜ್ಜಿಯ ಎಡಗಿವಿ ಪೂರ್ತಿ ಕೈಕೊಟ್ಟಿದೆ. ಬಲಗಿವಿಯೂ ದಿನೇ ದಿನೇ ಮುನಿಸಿಕೊಳ್ಳುತ್ತಿದೆ. ಕಿವಿಯ ವೈದ್ಯರು, "ಕೇಳೋದಿದ್ರೆ ಬೇಗ ಕೇಳಿಸ್ಕೊಂಡ್ಬಿಡಿ ಅಮ್ಮ" ಎಂದು ನಗುತ್ತಾ ಅಂದರು. ಅಜ್ಜಿ ನಗಲಿಲ್ಲ.

ನಾನು ಫಲಕ ಬರೆಯುವ ಅಂಗಡಿಯಲ್ಲಿ ಕೆಲಸ ಮಾಡುವವನು. ಮನೆಯಲ್ಲಿ ನನಗೆ ಕಪಿ ಎಂದು ಹೆಸರು. ಮಸೀದಿಯ ಪಿಸುಮಾತಿನ ಮೂಲೆಗಳ ಬಗ್ಗೆ ಒಂದು ಪ್ರವಾಸಿ ಫಲಕ ಬರೆಯುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಎರಡು ಮೂಲೆ, ಎರಡು ಬೆನ್ನು, ಎರಡು ಗೋಡೆ! ಬ್ರಷ್ಷನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

"ಅಜ್ಜಿ, ನೀನು ಮುಖ ನೋಡಲ್ಲ ಅಂದಿದ್ದು ತಾನೆ? ಬೆನ್ನು ನೋಡಲ್ಲ ಅಂದಿಲ್ಲವಲ್ಲ?"

"ವಕೀಲ ಆಗ್ಬೇಕಿತ್ತು ಕಣೋ ನೀನು. ಪೋಕರಿ ಆದೆ."

"ಅಲ್ಲಿ ಬೆನ್ನನ್ನೂ ನೋಡ್ಬೇಕಾಗಿಲ್ಲ. ಗೋಡೆ ನೋಡ್ಕೊಂಡು ನಿಂತರೆ ಸಾಕು."

ಅಜ್ಜಿ ಸೂಜಿಗೆ ದಾರ ಪೋಣಿಸುವುದರಲ್ಲಿ ಬಹಳ ಹೊತ್ತು ಕಳೆದರು. ಆಮೇಲೆ, "ಅವಳು ಒಪ್ಪಿದ್ಲೇನು?" ಎಂದು ಕೇಳಿದರು. ಚಿಕ್ಕಜ್ಜಿಯ ಮನೆಯಲ್ಲೂ ಇದೇ ವಾದ ಮಂಡಿಸಿದೆ, ಇದೇ ಪ್ರಶ್ನೆ ಬಂತು. ಇಬ್ಬರಿಗೂ ಹೌದೆಂದೆ. ಹೇಳಿದ ಮೇಲೆ ಅದು ನಿಜವೇ ಆಯಿತು.

ಹೀಗೆ ನಾವು ಮೂವರೂ ಪ್ರವಾಸಿಗರಾದೆವು. ಚಪ್ಪಲಿ ಬಿಟ್ಟೆವು. ಬಾಗಿಲಲ್ಲಿ ಕೊಟ್ಟ ನಿಲುವಂಗಿಯ ಅಂಚು ತಿರುಗಿಸಿ ನೋಡಿದ ಅಜ್ಜಿ, "ಇದನ್ನ ಹೊಲಿದೋರು ಯಾರು, ಶತ್ರುಗಳಾ?" ಎಂದು ಕೇಳಿದ್ದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ. ಚಿಕ್ಕಜ್ಜಿಯನ್ನು ಮೊದಲೇ ಕರೆತಂದು ದೂರದ ಮೂಲೆಯಲ್ಲಿ ನಿಲ್ಲಿಸಿದ್ದೆ. ಅಜ್ಜಿಯನ್ನು ಎದುರು ಮೂಲೆಗೆ ಕರೆದೊಯ್ದು ಬಲಗಿವಿಯನ್ನು ಗೋಡೆಗೆ ಹತ್ತಿರ ಮಾಡಿ ನಿಲ್ಲಿಸಿದೆ. ನಾನೂ ಪಕ್ಕದಲ್ಲೇ ಕಿವಿಗೊಟ್ಟು ನಿಂತೆ. ಇದು ಶಿಷ್ಟಾಚಾರವಲ್ಲವೆಂದು ಗೊತ್ತು. ಆದರೆ ಮನೆಯಲ್ಲಿ ಯಾರೂ ನನ್ನಿಂದ ಶಿಷ್ಟಾಚಾರ ನಿರೀಕ್ಷಿಸುವುದಿಲ್ಲ.

ತಮ್ಮ ಪ್ರಕಟಣೆಯೊಂದು ಆಗಷ್ಟೇ ಮುಗಿದಿತ್ತು. ಅಜ್ಜಿ ಗೋಡೆಗೆ ಹೇಳಿದರು: "ಅವರನ್ನ ಕಳಿಸಿಕೊಟ್ಟ ದಿನ ನೀನ್ಯಾಕೆ ಬರ್ಲಿಲ್ಲ?"

ಮಾನ್ಯರೇ, ಕಲ್ಲಿನೊಳಗಿಂದ ಒಂದು ಧ್ವನಿ ಬಂತು. ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಬದುಕಿಡೀ ಕೂಗಿದ ಧ್ವನಿ, ಈಗ ಮಗುವನ್ನು ಮಲಗಿಸುವಷ್ಟು ಮೆತ್ತಗೆ. "ಅಕ್ಕಾ," ಎಂದಿತು. ಅಜ್ಜಿಯ ಕೈ ನನ್ನ ತೋಳನ್ನು ಹಿಡಿಯಿತು. "ಅಕ್ಕಾ, ಅವತ್ತು ನಾನು…"

"ಸಂದರ್ಶಕರ ಗಮನಕ್ಕೆ!"

ತಾವು ಮಾತು ಮುಗಿಸುವ ಹೊತ್ತಿಗೆ ಚಿಕ್ಕಜ್ಜಿಯೂ ಮುಗಿಸಿದ್ದರು. ಅಜ್ಜಿ, ತಂಗಿ ಮತ್ತೆ ಹೇಳಲಿ ಎಂದು ಕಾದರು. ಚಿಕ್ಕಜ್ಜಿ, ಅಕ್ಕ ಏನನ್ನುತ್ತಾಳೋ ಎಂದು ಕಾದರು. ತಾವು ಬಯಸಿದ ನಿಶ್ಶಬ್ದ ಆ ಕಟ್ಟಡದಲ್ಲಿ ಕಾಪಾಡಲ್ಪಟ್ಟದ್ದು ಆಗ ಮಾತ್ರ. ಅಷ್ಟರಲ್ಲಿ ಅದನ್ನು ಕಾಪಾಡಲು ತಮ್ಮ ಪ್ರಕಟಣೆ ಮತ್ತೆ ಶುರುವಾಯಿತು.

ನಾನು ಎದುರು ಮೂಲೆಗೆ ಓಡಿದೆ. ಚಿಕ್ಕಜ್ಜಿ ಆಗಲೇ ನಿಲುವಂಗಿ ಕಳಚಿ ಮಡಿಸುತ್ತಿದ್ದರು.

"ಬಾಯಿಬಿಟ್ಟು ಹೇಳ್ದೆ. ಅವಳು ಹ್ಞೂಂ ಅನ್ಲಿಲ್ಲ, ಉಹೂಂ ಅನ್ಲಿಲ್ಲ."

"ಕೇಳಿಸ್ಲಿಲ್ಲ ಚಿಕ್ಕಜ್ಜಿ, ಆ ಮೈಕು…"

"ಕೇಳಿಸ್ಲಿಲ್ಲ ಅಂತ ನೀನು ಹೇಳ್ತೀಯ. ಹೋದ ವರ್ಷ ನಿಮ್ಮಜ್ಜಿ ನನ್ನ ಕ್ಷಮೆ ಕೇಳಿದ್ಲು ಅಂತಾನೂ ನೀನೇ ಹೇಳಿದ್ದು."

"ಅದು ತಮಾಷೆಗೆ…"

"ಇದೂ ಅದೇ."

"ನನಗಾದ್ರೂ ಹೇಳಿ, ನಾನು ಹಾಗೇ ಹೋಗಿ ಹೇಳ್ತೀನಿ."

"ನಿನ್ನ ಬಾಯಿಗೆ ಬಿದ್ದರೆ ಮಾತಿಗೆ ಬಾಲ ಕೊಂಬು ಎಲ್ಲಾ ಹುಟ್ಟುತ್ತೆ. ಬೇಡ."

ಹಾಗೆಂದು ಹೊರಟೇಬಿಟ್ಟರು. ನಾನು ಬಾಗಿಲ ಕಾವಲುಗಾರರ ಬಳಿ ಹೋದೆ.

"ಅಣ್ಣಾ, ಒಂದೇ ಒಂದ್ಸಲ ಇದನ್ನ ಆರಿಸ್ತೀರಾ?"

"ಸ್ವಿಚ್ಚು ಕಚೇರಿ ರೂಮಲ್ಲಿದೆಯಪ್ಪ. ರೂಮಿಗೆ ಬೀಗ ಹಾಕಿದೆ."

"ಬೀಗದ ಕೈ?"

"ಸಾಹೇಬರ ಹತ್ರ."

"ಸಾಹೇಬರು?"

"ಇನ್ನೊಂದು ಸ್ಮಾರಕದಲ್ಲಿ ಮೈಕು ಹಾಕ್ಸೋಕೆ ಹೋಗಿದಾರೆ."

ಕೊಳದ ಬಳಿ ಕಾಲು ತೊಳೆಯುತ್ತಿದ್ದ ಹಿರಿಯರೊಬ್ಬರು, ದಿನವೂ ಅಲ್ಲಿ ಪ್ರಾರ್ಥನೆಗೆ ಬರುವವರು, ನನ್ನ ಮುಖ ನೋಡಿ ಕರುಣೆಯಿಂದ ಹೇಳಿದರು: "ನಮ್ಮ ಪ್ರಾರ್ಥನೆ ಹೊತ್ತಿಗೆ ಆರಿಸ್ತಾರೆ ಮಗಾ, ಅಷ್ಟೇ ಪುಣ್ಯ. ಇದು ಬರೋಕೆ ಮುಂಚೆ ನೋಡೋಕೆ ಬಂದೋರು ತಾವಾಗೇ ಪಿಸುಗುಡ್ತಿದ್ರು. ಈಗ ಇದನ್ನ ಮೀರಿ ಕೇಳಿಸ್ಬೇಕು ಅಂತ ಎಲ್ಲರೂ ಅರಚ್ತಾರೆ."

ತಮ್ಮ ಯೋಜನೆಯ ಸೌಂದರ್ಯ ನನಗೆ ಆಗ ಪೂರ್ಣವಾಗಿ ಅರ್ಥವಾಯಿತು. ಧ್ವನಿವರ್ಧಕ ಇರುವುದರಿಂದ ಜನ ಕೂಗುತ್ತಾರೆ. ಜನ ಕೂಗುವುದರಿಂದ ಧ್ವನಿವರ್ಧಕ ಬೇಕಾಗುತ್ತದೆ. ಇಷ್ಟು ಗುಂಡಾಗಿ ಆ ಗುಮ್ಮಟವೂ ಇಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ತಾವು ಸುಮ್ಮನಿರುತ್ತೀರಿ, ಆದರೆ ಆಗ ನಾವು ಪ್ರವಾಸಿಗರು ನ್ಯಾಯವಾಗಿಯೇ ಹೊರಗಿರುತ್ತೇವೆ. ನಾವು ಒಳಗೆ ಬಂದೊಡನೆ ತಾವೂ ಬರುತ್ತೀರಿ. ನೋಡಲು ಬಂದವನಿಗೆ ಅಲ್ಲಿ ಕಲ್ಲು ಕಾಣುತ್ತದೆ, ಕಮಾನು ಕಾಣುತ್ತದೆ. ಆ ಕಟ್ಟಡ ಯಾವುದಕ್ಕೆ ಹೆಸರುವಾಸಿಯೋ ಅದು ಮಾತ್ರ ಕೇಳುವುದಿಲ್ಲ. ಕೈಗೆಟುಕುವ ಗೋಡೆಯ ಮೇಲೆ ಯಾರಾದರೂ ಹೆಸರು ಕೆತ್ತಿದರೆ ತಾವು ದಂಡ ಹಾಕುತ್ತೀರಿ, ಸರಿಯೇ. ಅದರ ಮೌನದ ಮೇಲೆ ಇಡೀ ಹಗಲು ತಮ್ಮ ಗಂಟಲನ್ನು ಕೆತ್ತುತ್ತಿರುವವರಿಗೆ ಯಾವ ದಂಡ? ಅಲ್ಲಿ ಶಬ್ದ ಮಾಡುತ್ತಿರುವವರು ಯಾರೆಂದು ತಾವು ಎಂದಾದರೂ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೇಳಿದ್ದೀರಾ?

ಇದನ್ನು ಪತ್ರಿಕೆಗೇ ಯಾಕೆ ಬರೆದೆ, ಕಚೇರಿಗೆ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕಚೇರಿಗೆ ಬೀಗವಿದೆಯೆಂಬುದು ಒಂದು ಕಾರಣ. ಇನ್ನೊಂದು, ಚಿಕ್ಕಜ್ಜಿ ನನ್ನ ಬಾಯಿಂದ ಬಂದದ್ದನ್ನು ನಂಬುವುದಿಲ್ಲ. ಅಚ್ಚಾದದ್ದನ್ನು ನಂಬುತ್ತಾರೆ. ದಿನವೂ ಬೆಳಿಗ್ಗೆ ಕೆಂಪು ಪೆನ್ನು ಹಿಡಿದು, ತಪ್ಪುಗಳಿಗೆ ಸುತ್ತು ಹಾಕುತ್ತಾ, ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಈಗಲೂ ಓದುತ್ತಿದ್ದಾರೆ. ನಮಸ್ಕಾರ ಚಿಕ್ಕಜ್ಜಿ.

ಆದುದರಿಂದ ನನ್ನ ಬೇಡಿಕೆ ಚಿಕ್ಕದು. ಮೂಲೆಯಿಂದ ಮೂಲೆಗೆ ಒಂದು ವಾಕ್ಯ ಹೋಗಿ, ಅದಕ್ಕೆ ಉತ್ತರ ಮರಳಿ ಬರುವಷ್ಟು ಹೊತ್ತು ಆ ಸ್ವಿಚ್ಚನ್ನು ಆರಿಸಿ. ಆಮೇಲೂ ಅದನ್ನು ಹಾಕದೆ ಮರೆತುಬಿಟ್ಟರೆ ಇನ್ನೂ ಒಳ್ಳೆಯದು. ಅದರ ಬದಲು ಬಾಗಿಲಲ್ಲಿ ಹಾಕಲು "ಇಲ್ಲಿ ಪಿಸುಗುಟ್ಟಿದರೂ ಕೇಳುತ್ತದೆ" ಎಂಬ ಫಲಕವನ್ನು ನಾನೇ ಬರೆದು ಪುಕ್ಕಟೆ ಕೊಡುತ್ತೇನೆ. ಅದು ಆಗದಿದ್ದರೆ "ಈ ಸ್ಮಾರಕದ ಅತಿ ದೊಡ್ಡ ಸದ್ದು" ಎಂಬ ಇನ್ನೊಂದು ಫಲಕ ಅಂಗಡಿಯಲ್ಲಿ ಒಣಗುತ್ತಿದೆ. ಅದನ್ನು ಎಲ್ಲಿ, ಯಾವುದರ ಕೆಳಗೆ ನೇತುಹಾಕಬೇಕೆಂದು ತಮಗೆ ಹೇಳಬೇಕಾಗಿಲ್ಲ.

ಸ್ಥಳ ಪವಿತ್ರ. ಪ್ರಾಚೀನವೂ ಹೌದು. ದಯವಿಟ್ಟು ತಾವು ನಿಶ್ಶಬ್ದ ಕಾಪಾಡಿ.

ಇಂತಿ,
ಎರಡು ಮೂಲೆಗಳ ನಡುವೆ ಬರಿಗಾಲಲ್ಲಿ ಓಡಿ, ಎರಡೂ ಕಡೆ ನಂಬಿಕೆ ಕಳೆದುಕೊಂಡ
ಕಪಿ

(ಇದರ ಕೆಳಗೆ ಅಜ್ಜಿ ತಾವೇ ಬರೆದದ್ದು. ಒಂದಕ್ಷರವನ್ನೂ ಬದಲಿಸಬಾರದೆಂದು ಸಂಪಾದಕರಿಗೆ ಅವರ ಆಜ್ಞೆ.)

ಮೇಲಿನದ್ದರಲ್ಲಿ ಅರ್ಧ ಈ ಹುಡುಗನ ಒಗ್ಗರಣೆ. ಕೇಳಿಸಲಿಲ್ಲ ಅನ್ನೋದು ಮಾತ್ರ ನಿಜ. ಅಕ್ಕಾ ಅಂದಿದ್ದು ಕೇಳಿಸಿತು. ಬಲಗಿವಿ ಇನ್ನೂ ಇದೆ. ಆ ಮನುಷ್ಯ ಸುಮ್ಮನಾದರೆ ಅಲ್ಲಿಗೆ ಬಾ. ಆಗದಿದ್ದರೆ ಮನೆಗೇ ಬಾ, ನಾನು ಗೋಡೆ ಕಡೆ ತಿರುಗಿ ಕೂತಿರ್ತೀನಿ.